ಐವಿ ಲೀಗ್ ಪೋಸ್ಟರ್: ಶಿರಸಿ ಮನೆ ಗುಂಪಿನ ಜಟಾಪಟಿ

ಗಣಪತಿ ಮಾವ ಫಾರ್ವರ್ಡ್ ಮಾಡಿದ ಪೋಸ್ಟರ್: "ಅಮೆರಿಕದ ಟಾಪ್ 10 ಐವಿ ಲೀಗ್. ಪಿಯುಸಿ ಮುಗಿಸಿ ನೇರ ಪ್ರವೇಶ!"

ವೀಣಾ: ಮಾವ, ಐವಿಯಲ್ಲಿ ಇರೋದೇ ಎಂಟು ವಿಶ್ವವಿದ್ಯಾಲಯ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ, ಪೆನ್, ಬ್ರೌನ್, ಡಾರ್ಟ್‌ಮತ್, ಕಾರ್ನೆಲ್. ಸ್ಟ್ಯಾನ್‌ಫರ್ಡ್, ಎಂಐಟಿ ಸೇರಿಸಿ ಹತ್ತು ಮಾಡಿದ್ದಾರೆ. 1954ರಲ್ಲಿ ಆಟೋಟಕ್ಕೆ ಅಂತ ಮಾಡಿಕೊಂಡ ಒಪ್ಪಂದ ಅದು, ಪಾಠಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲ.

ಗಣಪತಿ ಮಾವ: ಆಟಕ್ಕೋ ಪಾಠಕ್ಕೋ, ಹೆಸರು ಹೆಸರೇ ಕೂಸೇ. ಐವಿ ಅಲ್ಲದ ಆಮ್ಹರ್ಸ್ಟ್ ಕಾಲೇಜು ಅಂದ್ರೆ ಬೆಂಗಳೂರಲ್ಲಿ ಯಾರಿಗೆ ಗೊತ್ತು?

ಶ್ರೀಪಾದ: ಅರ್ಧ ಸರಿ ಮಾವ. ಅಮೆರಿಕದ ಕಾಲೇಜುಗಳಿಗೆ ರ್‍ಯಾಂಕ್ ಕೊಡೋ ಯುಎಸ್ ನ್ಯೂಸ್‌ನವರು ಆಮ್ಹರ್ಸ್ಟ್, ವಿಲಿಯಮ್ಸ್‌ನಂಥ ಕಾಲೇಜುಗಳನ್ನ ಲಿಬರಲ್ ಆರ್ಟ್ಸ್ (ಮುಖ್ಯವಾಗಿ ಪದವಿ ಪಾಠದ ಸಣ್ಣ ಕಾಲೇಜು) ಅಂತ ಬೇರೆ ಪಟ್ಟಿಗೆ ಹಾಕ್ತಾರೆ. ಪೋಸ್ಟರ್ ಮಾಡೋರು ಆ ಪಟ್ಟಿ ತೆಗೆದೇ ನೋಡೋದಿಲ್ಲ. ಇನ್ನು ರ್‍ಯಾಂಕ್ ಕಥೆ: ಕೊಲಂಬಿಯಾ ಕೊಟ್ಟ ಅಂಕಿಅಂಶ ಸರಿಯಿಲ್ಲ ಅಂತ ಅಲ್ಲಿನ ಗಣಿತ ಪ್ರೊಫೆಸರೇ ತೋರಿಸಿದ ಮೇಲೆ, 2022ರಲ್ಲಿ ಅದು 2ರಿಂದ 18ಕ್ಕೆ ಇಳೀತು.

ವೀಣಾ: ನಮ್ಮಂಥವರು ನೋಡಬೇಕಾದ್ದು ಬೇರೆಯೇ. ಹಣದ ಸಹಾಯ ಕೇಳಿದ್ರೆ ಸೀಟಿಗೆ ಕುತ್ತು ಬರತ್ತಾ? ವಿದೇಶಿ ಮಕ್ಕಳಿಗೂ ನೀಡ್ ಬ್ಲೈಂಡ್, ಅಂದ್ರೆ ಸಹಾಯ ಕೇಳಿದ್ದನ್ನ ನೋಡದೇ ಸೀಟು ತೀರ್ಮಾನಿಸೋ ಪದ್ಧತಿ, ಇರೋದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಡಾರ್ಟ್‌ಮತ್, ಬ್ರೌನ್. ಐವಿ ಅಲ್ಲದ ಎಂಐಟಿ, ಆಮ್ಹರ್ಸ್ಟ್, ಬೋಡನ್ ಕೂಡ. ಕೊಲಂಬಿಯಾ, ಪೆನ್, ಕಾರ್ನೆಲ್ ಹಾಗಲ್ಲ, ಕೇಳಿದ್ದು ಲೆಕ್ಕಕ್ಕೆ ಬರತ್ತೆ. ಹೆದರಿ ಅರ್ಜಿಯಲ್ಲಿ ಕೇಳದೇ ಬಿಟ್ರೆ, ಸೇರಿದ ಮೇಲೆ ಸಾಮಾನ್ಯವಾಗಿ ಸಿಗೋದಿಲ್ಲ.

ಗಣಪತಿ ಮಾವ: ತೋಟ ಇದ್ದವರಿಗೆ ಯಾರು ಕೊಡ್ತಾರೆ?

ವೀಣಾ: ಜನ ಎಡವೋದೇ ಅಲ್ಲಿ. ಹಣದ ಸಹಾಯಕ್ಕೆ ತುಂಬೋ ಸಿಎಸ್‌ಎಸ್ ಪ್ರೊಫೈಲ್ ಅನ್ನೋ ಅರ್ಜಿ ಆದಾಯದ ಜೊತೆ ಆಸ್ತಿಯನ್ನೂ ಕೇಳತ್ತೆ. ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲ, ಎಷ್ಟೋ ಮನೆಯಲ್ಲಿ ಐಟಿಆರೇ ಇಲ್ಲ. ಹಾಗಂತ ಖಾಲಿ ಬಿಡಬಾರದು. ಸೊಸೈಟಿಯ ಮಾರಾಟದ ಪಟ್ಟಿ, ಪಾಸ್‌ಬುಕ್, ಪಹಣಿ ಇಂಗ್ಲಿಷಿಗೆ ಮಾಡಿಸಿ ಇಟ್ಕೊಳ್ಳಿ. ಅಡಿಕೆ ಕೊನೆಕೊಯ್ಲು, ಕೊಳೆರೋಗದ ಔಷಧಿ ಖರ್ಚನ್ನೂ ಬರೆದಿಡಿ. ಗುಂಟೆ ದರದಲ್ಲಿ ನೋಡಿದ್ರೆ ತೋಟ ಭಾರೀ ಕಾಣತ್ತೆ, ವರ್ಷಕ್ಕೆ ಕೈಗೆ ಬರೋದು ಎಷ್ಟು ಅನ್ನೋದನ್ನ ವಿಶೇಷ ಪರಿಸ್ಥಿತಿ ಅಂತ ಇರೋ ಜಾಗದಲ್ಲಿ ವಿವರಿಸಬೇಕು. ಸೊಪ್ಪಿನ ಬೆಟ್ಟ ಆಸ್ತಿಗೆ ಸೇರಿಸಬೇಡಿ. ಅದು ಅರಣ್ಯ, ನಮ್ಮದು ಸೊಪ್ಪಿನ ಹಕ್ಕು ಅಷ್ಟೇ.

ಶ್ರೀಪಾದ: "ನೇರ ಪ್ರವೇಶ" ಅಂತೂ ಶುದ್ಧ ಸುಳ್ಳು. ಅರ್ಲಿ ಡಿಸಿಷನ್ ಅಂತ ಒಂದಿದೆ, ಸಾಮಾನ್ಯವಾಗಿ ನವೆಂಬರ್ 1ರೊಳಗೆ ಹಾಕೋದು. ಒಂದೇ ಕಡೆ ಹಾಕಬೇಕು, ಸೀಟು ಬಂದ್ರೆ ಹೋಗಲೇಬೇಕು. ಕೊಟ್ಟ ಸಹಾಯ ಸಾಲದಿದ್ರೆ ಮಾತ್ರ ಬಿಡಬಹುದು.

ಗಣಪತಿ ಮಾವ: ನಮ್ಮನೆ ಮಾಣಿ (ಹುಡುಗ) ಕಾರ್ನೆಲ್‌ಗೇ ಹಾಕಲಿ ಹಂಗಾದ್ರೆ. ಐವಿಯೂ ಆಯ್ತು, ಕೃಷಿ ಕಾಲೇಜು ಸರ್ಕಾರದ್ದಂತೆ, ಫೀಸು ಕಡಿಮೆಯಂತೆ.

ಶ್ರೀಪಾದ: ಆ ಕಡಿಮೆ ಫೀಸು ನ್ಯೂಯಾರ್ಕ್ ರಾಜ್ಯದವರಿಗೆ, ಮಾವ.