ಅರ್ಧ ಓಡಿದ ಜನರೇಟರನ್ನು ಕಾಪಿ ಮಾಡಬಹುದಾ?

ಪ್ರಶ್ನೆ: ಸರ್, ಪೈಥಾನ್‌ನಲ್ಲಿ ಲಾಗ್ ಫೈಲ್ ಓದಿ ಒಂದೊಂದೇ ಸಾಲು ಕೊಡೋ ಜನರೇಟರ್ ಬರೆದಿದ್ದೇನೆ. ಮೂರು ಸಾಲು ತೆಗೆದುಕೊಂಡಾದ ಮೇಲೆ, ಮುಂದೇನಿದೆ ಅಂತ ಸ್ವಲ್ಪ ಇಣುಕಿ ನೋಡಿ ಮತ್ತೆ ನಾಲ್ಕನೇ ಸಾಲಿಗೇ ಬರಬೇಕು. ಕಾಪಿ ಮಾಡಲು ಹೋದರೆ ಟೈಪ್‌ಎರರ್ ಬರುತ್ತೆ. ಲಿಸ್ಟಿನ ಇಟರೇಟರ್ (ಒಂದೊಂದೇ ಬೆಲೆ ಕೊಡುತ್ತಾ ಹೋಗೋ ಆಬ್ಜೆಕ್ಟ್) ಆದರೆ ಸಲೀಸಾಗಿ ಕಾಪಿ ಆಗುತ್ತೆ. ಯಾಕೆ ಹೀಗೆ?

ಉತ್ತರ: ಲಿಸ್ಟಿನ ಇಟರೇಟರ್ ನೆನಪಿಡೋದು ಎರಡೇ ವಿಷಯ: ಯಾವ ಲಿಸ್ಟು, ಎಷ್ಟನೇ ಜಾಗ. ಜನರೇಟರ್ ಹಾಗಲ್ಲ. ಯೀಲ್ಡ್ (ಒಂದು ಬೆಲೆ ಹೊರಗೆ ಕೊಟ್ಟು ಅಲ್ಲೇ ತಡೆದು ನಿಲ್ಲಿಸೋ ಪದ) ಹತ್ತಿರ ನಿಂತುಬಿಟ್ಟ ಫಂಕ್ಷನ್ನೇ ಅದರೊಳಗಿದೆ, ಲೋಕಲ್ ವೇರಿಯಬಲ್‌ಗಳು, ಅರ್ಧ ಮುಗಿದ ಲೂಪ್, ನಿಮ್ಮದರಲ್ಲಂತೂ ತೆರೆದ ಫೈಲ್ ಕೂಡ ಇದೆ ಅಲ್ವಾ? ಅದನ್ನು ಹೇಗೋ ಕಾಪಿ ಮಾಡಿದರು ಅಂತಲೇ ಇಟ್ಟುಕೊಳ್ಳಿ. ಫೈಲ್ ಒಂದೇ ಆದ್ದರಿಂದ ಒಂದು ಪ್ರತಿ ಓದಿದ ಸಾಲು ಇನ್ನೊಂದಕ್ಕೆ ಸಿಗೋದಿಲ್ಲ. ಒಂದರ ಫೈನಲಿ ಬ್ಲಾಕ್ (ಕೊನೆಯಲ್ಲಿ ಓಡೋ ಕೋಡ್) ಫೈಲ್ ಮುಚ್ಚಿಬಿಟ್ಟರೆ ಇನ್ನೊಂದು ನಡುದಾರಿಯಲ್ಲಿ ಬೀಳುತ್ತೆ. ಪೈಥಾನ್ ಇದನ್ನು ಬಿಡದೇ ಇರೋದು ಸರಿಯೇ ಅಂತ ನನ್ನ ಅನಿಸಿಕೆ.

ನಿಮಗೆ ಬೇಕಾಗಿರೋದು ಪೈಥಾನಿನ ಇಟರ್‌ಟೂಲ್ಸ್ ಮಾಡ್ಯೂಲಿನಲ್ಲಿರೋ ಟೀ (tee) ಫಂಕ್ಷನ್. ಪೈಥಾನ್ 2.4ರಿಂದಲೂ ಇದೆ. ಮೂರು ಸಾಲು ಆದ ಮೇಲೆ ಜನರೇಟರನ್ನು ಟೀಗೆ ಕೊಟ್ಟರೆ ಎರಡು ಇಟರೇಟರ್ ಸಿಗುತ್ತವೆ, ಎರಡೂ ನಾಲ್ಕನೇ ಸಾಲಿಂದಲೇ ಶುರು. ಆಮೇಲೆ ಮೂಲ ಜನರೇಟರನ್ನು ಮಾತ್ರ ಮುಟ್ಟಲೇಬೇಡಿ! ಅದರ ಮೇಲೆ ಮುಂದಿನ ಸಾಲು ಕೇಳೋ ನೆಕ್ಸ್ಟ್ ಒಂದು ಸಲ ಕರೆದರೂ ಆ ಸಾಲು ಎರಡೂ ಕಡೆ ಕಾಣೆಯಾಗುತ್ತೆ, ಎರರ್ ಕೂಡ ಬರೋದಿಲ್ಲ. ಇನ್ನೊಂದು, ಒಂದು ಇಟರೇಟರ್ ಲಕ್ಷ ಸಾಲು ಮುಂದೆ ಹೋದರೆ ಹಿಂದೆ ಉಳಿದಿರೋದಕ್ಕಾಗಿ ಆ ಲಕ್ಷವೂ ಮೆಮೊರಿಯಲ್ಲಿ ಕೂತಿರುತ್ತೆ. ಅಷ್ಟು ದೂರ ಹೋಗೋದಾದರೆ ಸುಮ್ನೆ ಲಿಸ್ಟ್ ಮಾಡಿಕೊಳ್ಳಿ, ಅದೇ ಬೇಗ.

ಮರುಪ್ರಶ್ನೆ: ಥ್ಯಾಂಕ್ಸ್ ಸರ್, ಕೆಲಸ ಆಯ್ತು. ಇನ್ನೊಂದು ಕಡೆ ಸುಡೊಕು ಬಿಡಿಸೋ ಜನರೇಟರ್ ಇದೆ, ಸೆಂಡ್ ಮೆಥಡ್ ಮೂಲಕ ಅದರೊಳಗೆ ಅಂಕಿ ಕಳಿಸುತ್ತೇನೆ. ಒಂದೇ ಹಂತದಿಂದ ಎರಡು ಬೇರೆ ಅಂಕಿ ಹಾಕಿ ನೋಡಬೇಕು. ಅಲ್ಲೂ ಟೀ ನಡೆಯುತ್ತಾ?

ಉತ್ತರ: ನಡೆಯಲ್ಲ. ಟೀ ಹಂಚೋದು ಹೊರಗೆ ಬಂದ ಬೆಲೆಗಳನ್ನು ಮಾತ್ರ, ಒಳಗೆ ಓಡೋ ಜನರೇಟರ್ ಒಂದೇ. ಟೀ ಕೊಟ್ಟ ಇಟರೇಟರಿಗೆ ಸೆಂಡ್ ಅನ್ನೋದೇ ಇಲ್ಲ. ಇಲ್ಲಿ ಜನರೇಟರ್ ಬಿಟ್ಟು ಕ್ಲಾಸ್ ಬರೆಯಿರಿ. ಸುಡೊಕು ಹಲಗೆ, ಈಗಿನ ಮನೆ ಎರಡನ್ನೂ ಆಬ್ಜೆಕ್ಟಿನಲ್ಲೇ ಇಡಿ, ಅಂಕಿ ಹಾಕೋಕೆ ಒಂದು ಮೆಥಡ್ ಇರಲಿ. ಆಗ ಡೀಪ್‌ಕಾಪಿ (ಒಳಗಿನ ಲಿಸ್ಟುಗಳನ್ನೂ ಸೇರಿಸಿ ಪೂರ್ತಿ ಕಾಪಿ) ಮಾಡಿದರೆ ನಿಜವಾಗಿಯೂ ಎರಡು ದಾರಿ ಆಗುತ್ತೆ. ಬರೀ ಕಾಪಿ ಸಾಲದು, ಹಲಗೆಯ ಲಿಸ್ಟ್ ಎರಡಕ್ಕೂ ಒಂದೇ ಆಗಿ ಉಳಿದು ಇಲ್ಲಿ ಹಾಕಿದ 7 ಅಲ್ಲೂ ಕಾಣಿಸುತ್ತೆ.