ಅಪ್‌ಡೇಟ್: ಆ ಟೋಪಿ ಗಂಡಸರು ಬೀಳ್ತಾನೇ ಇಲ್ಲ!

ತೀರ್ಥಹಳ್ಳಿಯ ಅಕ್ಕನ ಮನೆ ಜಗಲಿಯಲ್ಲಿರೋ ಬೆಲ್ಜಿಯಂ ಚಿತ್ರಕಾರ ಮ್ಯಾಗ್ರಿಟ್‌ನ 1953ರ ‘ಗೋಲ್ಕೊಂಡ’ ಚಿತ್ರದ ಪ್ರಿಂಟ್ ಬಗ್ಗೆ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಕರಿ ಕೋಟು, ಟೋಪಿ ಹಾಕಿದ ಗಂಡಸರು ಆಕಾಶದಿಂದ ಮಳೆ ಥರ ಸುರಿಯೋದರ ಅರ್ಥ ಏನು ಅಂತ? ‘ಬೀಳ್ತಿದ್ದಾರೆ ಅಂತ ಯಾರು ಹೇಳಿದ್ದು?’ ಎಂದು ಒಬ್ಬರು ತಿರುಗಿ ಕೇಳಿದ್ರು.

ಮತ್ತೆ ಹೋಗಿ ನೋಡಿದೆ. ಹೌದು ಮಾರಾಯ್ರೆ! ಕೋಟು ಹಾರಿಲ್ಲ, ಟೋಪಿ ಜಾರಿಲ್ಲ. ಗಾಳಿಯಲ್ಲೇ ಲೆಕ್ಕ ಹಾಕಿದ ಹಾಗೆ ನಿಂತಿದ್ದಾರೆ. ಆಗುಂಬೆ ಮಳೆ ನೋಡಿ ಬೆಳೆದ ಕಣ್ಣಿಗೆ ಆಕಾಶದಲ್ಲಿ ಏನು ಕಂಡರೂ ಸುರಿದಂತೇ ಅನ್ಸುತ್ತೆ, ಏನು ಮಾಡೋದು.

ಹೆಸರು ನಮ್ಮ ದಖ್ಖನ್ನಿನ ವಜ್ರದ ಊರಿನದೇ. ಆದರೆ ಅದನ್ನು ಸೂಚಿಸಿದ್ದು ಕಲಾವಿದನ ಕವಿಮಿತ್ರ ಲೂಯಿ ಸ್ಕುಟನೇರ್. ಹಾಗಾಗಿ ಹೆಸರಲ್ಲಿ ಗುಟ್ಟು ಹುಡುಕೋದು ಬಿಟ್ಟು ಒಬ್ಬೊಬ್ಬರ ಮುಖ ನೋಡ್ತಾ ಕೂತೆ. ಎಲ್ಲರೂ ಪಡಿಯಚ್ಚಲ್ಲ.

ಅಕ್ಕನಿಗೆ ಮಾತ್ರ ಈಗಲೂ ಅದು ಜಡಿಮಳೆಯೇ.