‘ವೇಗವರ್ಧಕ ಪರಿವರ್ತಕ’ ಅಂದರೆ ಕಾರಿನ ಯಾವ ಭಾಗ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ತಕರಾರು ತಂದಿದ್ದೇನೆ. ನಾನು ರಾಯಚೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳುವವನು. ಹೋದ ತಿಂಗಳು ನನ್ನ 2014ರ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಇಂಜಿನ್ ಹೊರಬಿಡುವ ಕೆಟ್ಟ ಗಾಳಿಯ ಕೆಡುಕು ಕಡಿಮೆ ಮಾಡುವ ಡಬ್ಬಿ, ಕೆಟ್ಟು ಬದಲಾಯಿಸಬೇಕಾಯಿತು. ಹೇಗೂ ದುಡ್ಡು ಹೋಯಿತು, ಮಕ್ಕಳಿಗೆ ಪಾಠವಾದರೂ ಆಗಲಿ ಅಂತ ಶಾಲೆಯ ಗೋಡೆ ಪತ್ರಿಕೆಗೆ ಒಂದು ಪುಟ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿತು.

ಕ್ಯಾಟಲಿಸ್ಟ್ ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು. ಅದಕ್ಕೆ ಕನ್ನಡದಲ್ಲಿ ‘ವೇಗವರ್ಧಕ’ ಇದೆ, ‘ಕ್ರಿಯಾವರ್ಧಕ’ವೂ ಇದೆ. ಕನ್ವರ್ಟರ್‌ಗೆ ‘ಪರಿವರ್ತಕ’. ಜೋಡಿಸಿದೆ. ‘ವೇಗವರ್ಧಕ ಪರಿವರ್ತಕ’ ಆಯಿತು. ಹತ್ತನೇ ತರಗತಿಯ ಒಬ್ಬ ಹುಡುಗನಿಗೆ ತೋರಿಸಿ, ಏನಪ್ಪಾ ಇದು ಅಂದೆ. ‘ಆಕ್ಸಿಲರೇಟರ್‌ಗೆ ಹಚ್ಚೋ ಟಿಸಿ ಏನ್ರಿ ಸರ?’ ಅಂದ.

ನಗು ಬಂತು. ಆದರೆ ಹುಡುಗನದೇನು ತಪ್ಪು? ಕಾರಿನ ಮಾತು ಬಂದರೆ ವೇಗ ಹೆಚ್ಚಿಸುವುದು ಕಾಲಡಿಯ ಪೆಡಲ್. ಪರಿವರ್ತಕ ಅಂದರೆ ಪೇಪರಿನಲ್ಲಿ ಬರುವ ವಿದ್ಯುತ್ ಪರಿವರ್ತಕ, ಹೊಲದ ಬದುವಿನ ಕಂಬದ ಮೇಲೆ ಕೂತ ಟಿಸಿ. ಇನ್ನೂ ಒಂದು ತಮಾಷೆ ಇದೆ. ಈ ಭಾಗ ಕಟ್ಟಿಕೊಂಡರೆ ಗಾಡಿಯ ವೇಗ ನಿಜವಾಗಿಯೂ ಬೀಳುತ್ತದೆ. ‘ವೇಗವರ್ಧಕ ಕೆಟ್ಟು ಕಾರಿನ ವೇಗ ಹೋಯಿತು’ ಅಂತ ಬರೆದರೆ ಓದಿದವರಿಗೆ ಪೂರ್ತಿ ಅರ್ಥವಾಗುತ್ತದೆ, ಪೂರ್ತಿ ತಪ್ಪಾಗಿ.

ಕ್ಯಾಟಲಿಸ್ಟ್ ಮಾಡುವ ಈ ಕೆಲಸಕ್ಕೆ ‘ಕೆಟಾಲಿಸಿಸ್’ ಅನ್ನುವ ಹೆಸರು ಕೊಟ್ಟವನು ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೆಲಿಯಸ್, 1835ರಲ್ಲಿ. ಗ್ರೀಕಿನ ಆ ಪದದೊಳಗೆ ಇರುವುದು ಬಿಚ್ಚು, ಸಡಿಲಿಸು ಅನ್ನುವ ಅರ್ಥ. ವೇಗದ ಸುದ್ದಿಯೇ ಇಲ್ಲ. ಕ್ರಿಯೆಯ ವೇಗವನ್ನು ಮುಂದೆ ತಂದವನು ಆಮೇಲೆ ಬಂದ ಓಸ್ಟ್ವಾಲ್ಡ್, ಇದೇ ಕೆಲಸಕ್ಕೆ 1909ರ ನೊಬೆಲ್ ಪಡೆದವನು. ನಮ್ಮ ‘ವೇಗವರ್ಧಕ’ ಇವನ ಮಾತಿಗೆ ಹತ್ತಿರ. ಪ್ರಯೋಗಾಲಯದಲ್ಲಿ ಅದು ಸರಿಯಾದ ಪದವೇ. ಗ್ಯಾರೇಜಿಗೆ ಬಂದಾಗ ಮಾತ್ರ ದಾರಿ ತಪ್ಪಿಸುತ್ತದೆ.

ಹಾಗಾದರೆ ಸರಳವಾಗಿ ‘ಹೊಗೆ ಸೋಸುವ ಡಬ್ಬಿ’ ಅನ್ನೋಣ ಅಂದುಕೊಂಡೆ. ಸಿಂಧನೂರಿನ ನಮ್ಮ ಭಾವನಿಗೆ ಫೋನಿನಲ್ಲಿ ಹಾಗೇ ಹೇಳಿದೆ. ‘ಸೋಸೋದಾದ್ರ ತೊಳದು ಹಾಕಬೇಕಪಾ, ಹೊಸಾದು ಯಾಕ?’ ಅಂದ. ಅವನು ಏರ್ ಫಿಲ್ಟರ್‌ನ ಧೂಳು ತಾನೇ ಕೊಡವಿ ಹಾಕಿಕೊಳ್ಳುವವನು. ಸೋಸುವುದು ಅಂದ ಮೇಲೆ ಕಸ ಇತ್ತ ನಿಲ್ಲಬೇಕು, ಚೊಕ್ಕದ್ದು ಅತ್ತ ಹೋಗಬೇಕು. ಇಲ್ಲಿ ಹಾಗಲ್ಲ. ಏನೂ ನಿಲ್ಲುವುದಿಲ್ಲ, ಬಂದದ್ದೇ ಬೇರೆಯಾಗಿ ಹೋಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಒಳಗೆ ಬಂದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅರೆಬರೆ ಉರಿದ ಪೆಟ್ರೋಲ್ ಪೂರ್ತಿ ಉರಿದು ನೀರಾವಿ, ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ನೈಟ್ರೋಜನ್ ಆಕ್ಸೈಡ್ ಸಾದಾ ನೈಟ್ರೋಜನ್ ಆಗುತ್ತದೆ. ಇದನ್ನೆಲ್ಲ ಮಾಡಿಸುವ ಪ್ಲಾಟಿನಮ್, ಪಲೇಡಿಯಂ, ರೋಡಿಯಂ ಮಾತ್ರ ಇದ್ದಲ್ಲೇ ಇರುತ್ತವೆ. ಮಕ್ಕಳಿಗೆ ನಾನು ಹತ್ತಿ ಮಾರ್ಕೆಟಿನ ದಲ್ಲಾಳಿಯ ಹೋಲಿಕೆ ಕೊಡುತ್ತೇನೆ. ಮಾರುವವರನ್ನೂ ಕೊಳ್ಳುವವರನ್ನೂ ಕೂಡಿಸಿ ವ್ಯಾಪಾರ ಮುಗಿಸುತ್ತಾನೆ, ತಾನು ಹತ್ತಿಯೂ ಒಯ್ಯುವುದಿಲ್ಲ. ಕಮಿಷನ್ ಒಂದೇ ವ್ಯತ್ಯಾಸ, ಪ್ಲಾಟಿನಮ್ ಅದನ್ನೂ ಕೇಳುವುದಿಲ್ಲ. ಕ್ಯಾಟಲಿಸ್ಟ್‌ಗೆ ‘ಹೆಪ್ಪು’ ಅಂತ ಒಬ್ಬ ಸಹೋದ್ಯೋಗಿ ಸೂಚಿಸಿದರು. ಚಂದದ ಪದ, ಆದರೆ ಹೆಪ್ಪು ಮೊಸರಿನಲ್ಲೇ ಸೇರಿಹೋಗುತ್ತದಲ್ವಾ?

‘ಹೊಗೆ’ಯ ಮೇಲೂ ನನಗೆ ಅನುಮಾನ. ಕನ್ನಡದಲ್ಲಿ ಹೊಗೆ ಕಣ್ಣಿಗೆ ಕಾಣುತ್ತದೆ, ಕಣ್ಣು ಉರಿಸುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ‘ನನ್ನ ಗಾಡಿ ಹೊಗೀನೇ ಬಿಡಂಗಿಲ್ಲ, ಆ ಡಬ್ಬಿ ಯಾಕ ಬೇಕು’ ಅನ್ನುವವರಿಗೆ ಈ ಪದವೇ ಆಸರೆ ಆಗಿಬಿಟ್ಟಿದೆ.

ಈಗ ಗ್ಯಾರೇಜಿನ ಕಡೆ ಬನ್ನಿ. ಪದಗಳ ರಾಶಿ ಇರುವುದು ಅಲ್ಲೇ.

ಮಾನ್ವಿ ದಾಟಿ ಸಿಂಧನೂರಿನ ಕಡೆ ಹೋಗುವಾಗ ಭತ್ತದ ಲಾರಿಯೊಂದನ್ನು ಹಿಂದೆ ಹಾಕಲು ಆಗಲಿಲ್ಲ. ಪೆಡಲ್ ಪೂರ್ತಿ ಒತ್ತಿದರೂ ಗಾಡಿ ಮುಲುಗುತ್ತಿತ್ತು. ಮರುದಿನ ನಮ್ಮ ಮೆಕ್ಯಾನಿಕ್ ಹತ್ತಿರ ಹೋಗಿ, ‘ಭಾಯ್, ಗಾಡಿ ಎಳಿವಲ್ದು’ ಅಂದೆ. ಈ ‘ಎಳಿವಲ್ದು’ ನೋಡಿ. ‘ಎಳೆಯುತ್ತಿಲ್ಲ’ ಅಂದರೆ ಬರೀ ವರದಿ. ‘ಎಳಿವಲ್ದು’ ಒಳಗೆ ‘ಒಲ್ಲದು’ ಕೂತಿದೆ. ಗಾಡಿಗೂ ಒಂದು ಹಟ ಬಂತು. ಮೊಂಡು ಬಿದ್ದ ಎತ್ತಿಗೂ ನಮ್ಮಲ್ಲಿ ಇದೇ ಮಾತು.

ಅವರು ಸ್ಕ್ಯಾನರ್ ಹಚ್ಚಿದರು. ಪಿ0420 ಅಂತ ಕೋಡ್ ಬಂತು. ಕ್ಯಾಟ್ (ಗ್ಯಾರೇಜಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್‌ನ ಚಿಕ್ಕ ಹೆಸರು) ತನ್ನ ಕೆಲಸ ಸರಿಯಾಗಿ ಮಾಡುತ್ತಿಲ್ಲ ಅನ್ನುವುದು ಅದರ ಅರ್ಥ. ಆದರೆ ಭಾಯ್ ಕೋಡನ್ನಷ್ಟೇ ನಂಬಲಿಲ್ಲ, ಇದು ನನಗೆ ಹಿಡಿಸಿತು. ಕ್ಯಾಟ್‌ಗಿಂತ ಮುಂಚೆ ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಇಂಜಿನ್ನಿನ ಗಾಳಿ ಅಲ್ಲಿಂದಲೇ ಹೊರಹೋಗಲಿ ಅಂತ ತೂತು ತೆರೆದಿಟ್ಟೇ ಒಂದು ಸುತ್ತು ಓಡಿಸಿದರು. ಕಿವಿ ಹರಿಯುವ ಸದ್ದು, ಆದರೆ ಗಾಡಿ ಎಳೆಯಿತು! ವಾಪಸ್ ಬಂದು ಹೇಳಿದ ಮಾತು ಇದು: ‘ಇಂಜಿನ್ ಚಲೋ ಅದ ಸರ. ಉಸುರು ಬಿಡ್ಲಾಕ ಆಗವಲ್ದು ಅದಕ್ಕ. ಜಾಲಿ ಕಟ್ಟಿಕೊಂಡದ.’

ನಾನು ಒಂದು ಪುಟದಲ್ಲಿ ಹೇಳಲು ಒದ್ದಾಡುತ್ತಿದ್ದದ್ದು ಅಷ್ಟರಲ್ಲಿ ಬಂದುಬಿಟ್ಟಿತು. ಮೂಗು ಕಟ್ಟುತ್ತದೆ, ಗಂಟಲು ಕಟ್ಟುತ್ತದೆ, ಚರಂಡಿ ಕಟ್ಟಿಕೊಳ್ಳುತ್ತದೆ. ‘ಅವರೋಧ’ ಅಂತ ನಾನು ಬರೆದಿದ್ದನ್ನು ಅವತ್ತೇ ಹೊಡೆದು ಹಾಕಿದೆ.

‘ಜಾಲಿ’ ಬಗ್ಗೆ ಮಾತ್ರ ನನ್ನ ತಕರಾರು ಇದೆ. ಹಳೆಯ ಡಬ್ಬಿ ಕೊಯ್ದು ನೋಡಿದೆವು. ಒಳಗೆ ಪಿಂಗಾಣಿಯಂಥ ಒಂದು ಗಟ್ಟಿ, ಅದರ ತುಂಬ ಉದ್ದುದ್ದ ಸಣ್ಣ ಕೊಳವೆಗಳು. ಸಾಮಾನ್ಯವಾಗಿ ಒಂದು ಚದರ ಇಂಚಿಗೆ 400ರ ಸುಮಾರು ಇರುತ್ತವೆ. ಕಿಟಕಿಯ ಜಾಲಿಗೆ ಈ ಉದ್ದ ಇಲ್ಲ. ‘ಜೇನುಗೂಡು’ ಅಂದರೂ ಸರಿಯಲ್ಲ, ಗೂಡು ಇಡೀ ಮನೆ. ‘ಜೇನುಹುಟ್ಟು’ ಹತ್ತಿರದ್ದು ಅನ್ನಿಸುತ್ತದೆ. ನನ್ನ ಡಬ್ಬಿಯಲ್ಲಿ ಆ ಹುಟ್ಟು ಒಂದು ಕಡೆ ಮೇಣದ ಹಾಗೆ ಕರಗಿ ಮುದ್ದೆಯಾಗಿತ್ತು. ಕಾರಣ ನಾನೇ. ಒಂದು ಸಿಲಿಂಡರಿನ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಕೈಕೊಟ್ಟು ಇಂಜಿನ್ ತಿಂಗಳುಗಟ್ಟಲೆ ಜರ್ಕ್ ಹೊಡೆಯುತ್ತಿತ್ತು, ಸುಮ್ನೆ ಓಡಿಸಿದೆ. ಅಲ್ಲಿ ಉರಿಯದ ಪೆಟ್ರೋಲ್ ಕ್ಯಾಟ್ ಒಳಗೆ ಬಂದು ಉರಿಯುತ್ತದೆ. ಕಾವು ಸಾವಿರ ಡಿಗ್ರಿ ದಾಟುತ್ತದೆ. ಅದಕ್ಕೇ ಭಾಯ್ ಮೊದಲು ಕಾಯಿಲ್ ಮತ್ತು ಪ್ಲಗ್ ಬದಲಿಸಿ, ಆಮೇಲೆ ಹೊಸ ಕ್ಯಾಟ್ ಹಾಕಿದರು. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತಿತ್ತು.

ಬೆಲೆ ಕೇಳಿ ನಾನು ಬಾಯಿ ತೆರೆದಾಗ ಅವರು ಅಂದರು, ‘ಸೈಲೆನ್ಸರ್‌ನ್ಯಾಗ ಒಂದು ಹಟ್ಟಿ ಅದ ಸರ.’ ಹಟ್ಟಿ ಚಿನ್ನದ ಗಣಿ ಇರುವ ಜಿಲ್ಲೆಯವರಿಗೆ ಇದಕ್ಕಿಂತ ಒಳ್ಳೆ ವಿವರಣೆ ಬೇಕಾ? 2021ರಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟನ್ನೂ ಮೀರಿತ್ತು. ಡಬ್ಬಿಯಲ್ಲಿ ಈ ಲೋಹಗಳು ಇರುವುದು ಕೆಲವೇ ಗ್ರಾಂ. ಬೇರೊಂದು ಗ್ಯಾರೇಜಿನಲ್ಲಿ ಒಳಗಿನದ್ದು ಒಡೆದು ತೆಗೆದು ಖಾಲಿ ಡಬ್ಬಿ ಹಾಕಿಕೊಡುತ್ತೇವೆ ಅಂದಿದ್ದರು. ಗಾಡಿ ಎಳೆಯುತ್ತಿತ್ತು ನಿಜ, ಕೆಟ್ಟ ಗಾಳಿ ಹಾಗೇ ಬೀದಿಗೆ ಹೋಗುತ್ತಿತ್ತು. ಬೇಡ ಅಂದೆ.

ಕೊನೆಯ ಪದ ‘ಪಾಯ್ಸನಿಂಗ್’, ಅಂದರೆ ಬೇರೆ ವಸ್ತು ಮೇಲೆ ಕೂತು ಕ್ಯಾಟಲಿಸ್ಟ್ ಕೆಲಸ ನಿಲ್ಲಿಸುವುದು. ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಈ ಡಬ್ಬಿ ಕಡ್ಡಾಯವಾಯಿತು. ಜೊತೆಗೇ ಸೀಸವಿಲ್ಲದ ಪೆಟ್ರೋಲನ್ನೂ ತರಬೇಕಾಯಿತು. 2000ದಲ್ಲಿ ದೇಶದ ತುಂಬ ಸೀಸದ ಪೆಟ್ರೋಲ್ ನಿಂತಿತು. ಸೀಸ ಪ್ಲಾಟಿನಮ್ ಮೇಲೆ ಕೂತರೆ ಅದು ಕೆಲಸ ಮಾಡುವುದಿಲ್ಲ. ಇಂಜಿನ್ ಆಯಿಲ್ ಸುಡುವ ಹಳೆ ಗಾಡಿಗಳಲ್ಲಿ ಆಯಿಲ್‌ನ ರಂಜಕವೂ ಇದನ್ನೇ ಮಾಡುತ್ತದೆ. ಇದಕ್ಕೆ ‘ವಿಷ’ ಅಂದರೆ ಜಾಸ್ತಿ ಆಯಿತು, ಕುಡಿದ ತಕ್ಷಣ ಬಿದ್ದ ಹಾಗೆ. ನನ್ನ ಓಟು ‘ನಂಜು’ ಪದಕ್ಕೆ. ಮುಳ್ಳು ಚುಚ್ಚಿದ ಕಾಲಿಗೆ ನಂಜಾದ ಹಾಗೆ ನಿಧಾನವಾಗಿ ಏರುತ್ತದೆ, ಮೇಲೆ ಬೇಗ ಕಾಣುವುದಿಲ್ಲ. ನಂಜೇರಿದ ಕ್ಯಾಟ್ ಕಟ್ಟಿಕೊಂಡಿರುವುದಿಲ್ಲ, ಗಾಡಿ ಚೆನ್ನಾಗಿಯೇ ಎಳೆಯುತ್ತದೆ. ಡ್ಯಾಶ್‌ಬೋರ್ಡಿನ ದೀಪ ಹತ್ತಿದಾಗಲೋ ಎಮಿಷನ್ ಟೆಸ್ಟಿನಲ್ಲೋ ಗೊತ್ತಾಗಬೇಕು. ಹೀಗೆ ‘ಕಟ್ಟಿಕೊಳ್ಳುವುದು’ ಮತ್ತು ‘ನಂಜೇರುವುದು’ ಎರಡನ್ನೂ ಬೇರೆಬೇರೆ ಹೇಳಿದರೆ ರೋಗವೂ ಬೇರೆಬೇರೆ ಅಂತ ತಾನೇ ತಿಳಿಯುತ್ತದೆ. ‘ಕೆಟ್ಟಿದೆ’ ಅಂದರೆ ಏನೂ ತಿಳಿಯುವುದಿಲ್ಲ.

ಭಾಗದ ಹೆಸರನ್ನು ಸದ್ಯಕ್ಕೆ ‘ಕ್ಯಾಟ್’ ಅಂತಲೇ ಬಿಟ್ಟಿದ್ದೇನೆ. ಚಿತ್ರ ಬಿಡಿಸಲು ಕೊಟ್ಟ ಎಂಟನೇ ತರಗತಿ ಹುಡುಗಿ ಸೈಲೆನ್ಸರ್ ಮೇಲೆ ಕೂತ ಬೆಕ್ಕನ್ನು ಬರೆದು ತಂದಿದ್ದಾಳೆ, ಅದೂ ಮೀಸೆ ಸಮೇತ. ಅದಕ್ಕೇ ಕೇಳುತ್ತಿದ್ದೇನೆ: ಬಳ್ಳಾರಿ, ಕೊಪ್ಪಳ, ಮೈಸೂರು, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಈ ಡಬ್ಬಿಗೆ ಏನನ್ನುತ್ತಾರೆ? ಹುಟ್ಟು, ಜಾಲಿ ಬಿಟ್ಟು ಒಳಗಿನದ್ದಕ್ಕೆ ಬೇರೆ ಪದ ಕೇಳಿದ್ದೀರಾ? ಯಂತ್ರದ ವಿಷಯದಲ್ಲಿ ‘ನಂಜು’ ಬಳಸಿದ್ದನ್ನು ಯಾರಾದರೂ ಕಂಡಿದ್ದರೆ ತಿಳಿಸಿ. ಗೋಡೆ ಪತ್ರಿಕೆ ಸೋಮವಾರ ಏರಿಸಬೇಕು. ಬೆಕ್ಕು ಹಾಗೇ ಇರಲಿ ಅಂತ ಮಕ್ಕಳ ಒತ್ತಾಯ.